ಯಾದಗಿರಿ ಶಾಲೆಯ ಬ್ಯಾಂಡ್ ಪ್ರಶ್ನೆಗೆ ಪ್ರತಿಕ್ರಿಯೆ

ಸರ್, ಜೂನ್‌ನಲ್ಲಿ 24 ಮಕ್ಕಳ ಬ್ಯಾಂಡ್ ಶುರು ಮಾಡಿದರೆ ಆಗಸ್ಟ್ 15ಕ್ಕೆ ತಯಾರಾಗ್ತದಾ, ಬೇಸಿಗೆ ರಜೆಯಲ್ಲಿ ಡ್ರಮ್ಮಿನ ಚರ್ಮ ಯಾಕೆ ಸೀಳ್ತದ ಅಂತ ಕೇಳೀರಿ. ತಯಾರಾಗ್ತದ, ಆದರೆ ಒಂದೇ ಮಾರ್ಚ್ ಬೀಟ್ (ಹೆಜ್ಜೆಗೆ ಬಾರಿಸೋ ಲಯ) ಇಟ್ಟುಕೊಳ್ಳಿ.

24 ಮಕ್ಕಳನ್ನು ಹೀಗೆ ಹಂಚಿ: 8 ಸೈಡ್ ಡ್ರಮ್, 2 ಬಾಸ್ ಡ್ರಮ್, 2 ಜೋಡಿ ತಾಳ, 6 ಬ್ಯೂಗಲ್, 4 ಕೊಳಲು, 1 ಟ್ರಯಾಂಗಲ್, ಮುಂದೆ ಒಬ್ಬ ಲೀಡರ್. ಮೊದಲ ಎರಡು ವಾರ ಡ್ರಮ್ ಕೊಡಲೇಬೇಡಿ. ಹಲಗೆಗೆ ಹಳೆ ಟ್ಯೂಬ್ ರಬ್ಬರ್ ಬಿಗಿದು ಅದರ ಮೇಲೆ ಎಡಗೈ ಬಲಗೈ ಸಮ ಮಾಡಿಸಿ. ಬ್ಯೂಗಲ್ ದಿನಕ್ಕೆ 15 ನಿಮಿಷ ಸಾಕು, ತುಟಿ ದಣಿದರೆ ಸ್ವರ ಒಡೀತದ. ಬ್ಯೂಗಲ್‌ನಲ್ಲಿ ಬರೋದು ನಾಲ್ಕೈದು ಸ್ವರ ಮಾತ್ರ, ಆದ್ದರಿಂದ ರಾಷ್ಟ್ರಗೀತೆ ಕೊಳಲಿಗೇ ಬಿಡಿ. 52 ಸೆಕೆಂಡಿನಲ್ಲಿ ಮುಗೀಬೇಕು.

ಹೆಚ್ಚು ಕೆಡೋದು ವೇಗ. ಸೈಡ್ ಡ್ರಮ್ ಹುಡುಗರು ಜನ ನೋಡಿದ ಕೂಡಲೇ ಓಡ್ತಾರ. ನಿಮಿಷಕ್ಕೆ 120 ಹೆಜ್ಜೆ. ಬಾಸ್ ಡ್ರಮ್ ಎಡಗಾಲಿಗೆ ಬೀಳಲಿ, ಉಳಿದವರು ಅದನ್ನೇ ಕೇಳಲಿ.

ಚರ್ಮದ ವಿಷಯ: ನಮ್ಮ ಏಪ್ರಿಲ್, ಮೇ ಒಣ ಬಿಸಿಲಿಗೆ ಚರ್ಮ ಕುಗ್ಗಿ ತಾನೇ ಬಿಗಿಯಾಗ್ತದ. ಮೊದಲೇ ಬಿಗಿದಿಟ್ಟಿದ್ದರೆ ಸೀಳ್ತದ. ರಜೆಗೆ ಮುಂಚೆ ಎದುರುಬದುರು ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಡಿಲಿಸಿ, ಸೈಡ್ ಡ್ರಮ್ಮಿನ ಕೆಳಚರ್ಮಕ್ಕೆ ತಾಗೋ ಸ್ನೇರ್ ತಂತಿಯನ್ನೂ ಸಡಿಲ ಮಾಡಿ, ತಗಡಿನ ಕೋಣೆ ಬಿಟ್ಟು ಬೇರೆಡೆ ಇಡಿ.

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಎರಡನೇ ಬೀಟ್ ಕಲಿಸಬಹುದು. ಡಿಸೆಂಬರಿನಿಂದ ಹತ್ತನೇ ತರಗತಿಯವರು ಓದಿಗೆ ಹೋಗ್ತಾರ. ಎಂಟನೆಯವರನ್ನು ನವೆಂಬರಿನಲ್ಲೇ ಅವರ ಪಕ್ಕ ನಿಲ್ಲಿಸಿದರೆ ಜನವರಿ 26ಕ್ಕೆ ಸಾಲು ಖಾಲಿ ಬೀಳೋದಿಲ್ಲ.