ನೀವು ಕೇಳಿದಿರಿ: ಯಾವ ಸಾಲು?

ಪ್ರಶ್ನೆ: ಬಜೆಟ್ ಬಂದಾಗಲೆಲ್ಲ ‘2025-26ನೇ ಸಾಲಿನ ಆಯವ್ಯಯ’ ಎನ್ನುತ್ತಾರೆ. ವರ್ಷಗಳು ಒಂದರ ಹಿಂದೊಂದು ಸಾಲಾಗಿ ಬರುವುದರಿಂದ ಈ ಮಾತು ಹುಟ್ಟಿತೇ?
(ಓದುಗರೊಬ್ಬರು, ತುಮಕೂರು)

ಊಹೆ ಚೆಂದವಾಗಿದೆ, ನಿಜವಲ್ಲ. ಇರುವೆ ಸಾಲು, ನೇಗಿಲ ಸಾಲು, ಹುಲಿಕಲ್–ಕುದೂರು ದಾರಿಯಲ್ಲಿ ತಿಮ್ಮಕ್ಕ ಬೆಳೆಸಿದ ಆಲದ ಸಾಲು, ಇವೆಲ್ಲ ಅಚ್ಚಗನ್ನಡ. ಬಜೆಟ್ಟಿನ ಸಾಲು ಪಾರಸಿಯದು. ಅಲ್ಲಿ ‘ಸಾಲ್’ ಎಂದರೆ ವರ್ಷ. ಹಿಂದಿ, ಉರ್ದುವಿನವರು ಇವತ್ತಿಗೂ ಹಾಗೇ ಅನ್ನುತ್ತಾರೆ. ಆದಿಲಶಾಹಿಗಳಿಂದ ಟಿಪ್ಪುವಿನವರೆಗೆ, ಅತ್ತ ನಿಜಾಮರ ಸೀಮೆಯಲ್ಲಿ, ಕಂದಾಯದ ಲೆಕ್ಕಪತ್ರಗಳಲ್ಲಿ ಪಾರಸಿ ಮಾತು ಓಡಾಡಿತು. ಜಮೀನು, ಖಜಾನೆ, ತಹಶೀಲ್ದಾರ್ ಬಂದದ್ದು ಹಾಗೆಯೇ. ನಾವು ಕೊನೆಗೊಂದು ಉಕಾರ ಅಂಟಿಸಿ, ಸಾಲಿನ, ಸಾಲಿನಲ್ಲಿ ಎಂದು ವಿಭಕ್ತಿ ಹಚ್ಚಿದೆವು. ಈಗ ಹೊರಗಿನದೆಂದು ಗುರುತೇ ಸಿಗುವುದಿಲ್ಲ. ಆದರೆ ಕಚೇರಿಯ ಹೊಸಿಲು ಅದು ದಾಟಲಿಲ್ಲ. ‘ನಿನಗೆಷ್ಟು ಸಾಲು ಪುಟ್ಟಾ?’ ಎಂದು ಮಗುವಿನ ವಯಸ್ಸನ್ನು ಯಾರೂ ಕೇಳುವುದಿಲ್ಲ.

ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದಾಗ ವಾರ್ಷಿಕ ವರದಿ ಬರೆಯುವ ಕೆಲಸ ನನ್ನ ಮೇಲೇ ಬೀಳುತ್ತಿತ್ತು. ‘ವರದಿ ಸಾಲಿನಲ್ಲಿ ಕೊಟ್ಟ ಬೆಳೆ ಸಾಲ ಸಾಲದೆ…’ ಎಂದು ಶುರುಮಾಡಿದರೆ ವರ್ಷ, ಕಡ, ಕೊರತೆ ಮೂರೂ ಒಂದೇ ವಾಕ್ಯದಲ್ಲಿ! ಮಹಾಸಭೆಯಲ್ಲಿ ಇದಕ್ಕೆ ಎಡವಿದವರನ್ನು ನಾನು ಕಾಣೆ. ಡಿವಿಡೆಂಡ್ ಎಷ್ಟು ಎಂಬುದೊಂದೇ ಅವರ ತಕರಾರು.

ಎಡವುವುದು ಊರು ಬಿಟ್ಟಾಗ. ಧಾರವಾಡದ ಕಡೆ ‘ಸಾಲಿ’ ಎಂದರೆ ಶಾಲೆ, ಹಿಂದಿಯಲ್ಲಿ ಹೆಂಡತಿಯ ತಂಗಿ. ‘ನಮ್ಮ ಸಾಲಿ ಭಾಳ ಚೊಲೊ ಐತ್ರಿ’ ಎಂಬ ಮಾತನ್ನು ದಿಲ್ಲಿಯವರ ಎದುರು ಕೊಂಚ ನೋಡಿಕೊಂಡು ಆಡಬೇಕು. ಚೆನ್ನೈಯಲ್ಲಿ ‘ಸಾಲೈ’ ಎಂದರೆ ರಸ್ತೆ. ಹಳೆಯ ಮೌಂಟ್ ರೋಡೇ ಈಗಿನ ಅಣ್ಣಾ ಸಾಲೈ.

ಪ್ರಶ್ನೆ: ತೆಲುಗು ಗೆಳೆಯರ ಮನೆಯ ಊಟದಲ್ಲಿ, ಇನ್ನೂ ಬಡಿಸಲಿ ಎಂದು ‘ಚಾಲೂ, ಚಾಲೂ’ ಎಂದೆ. ಅವರು ಸೌಟು ಎತ್ತಿಕೊಂಡು ಮುಂದಿನ ಎಲೆಗೆ ಹೋಗಿಬಿಟ್ಟರು. ಯಾಕೆ?
(ಓದುಗರೊಬ್ಬರು, ದಾವಣಗೆರೆ)

ತೆಲುಗಿನ ‘ಚಾಲು’ ಎಂದರೆ ಸಾಕು! ಮೇಲೆ ಬಂದ ನಮ್ಮ ‘ಸಾಲದೆ’ ಇದೆಯಲ್ಲ, ಅದರ ಒಡಹುಟ್ಟೇ ಇದು. ಇಲ್ಲಿ ಸಕಾರ, ಅಲ್ಲಿ ಚಕಾರ, ಅಷ್ಟೇ. ನಿಮ್ಮ ಬಾಯಿಗೆ ಬಂದದ್ದು ‘ಪಂಪ್‌ಸೆಟ್ ಚಾಲೂ ಮಾಡು’ ಎನ್ನುವಾಗಿನ ಹಿಂದಿ-ಮರಾಠಿ ಚಾಲೂ. ಎರಡಕ್ಕೂ ನೆಂಟಸ್ತಿಕೆಯಿಲ್ಲ. ಅಂದಹಾಗೆ ಅದೇ ಮನೆಯಲ್ಲಿ ‘ಕಲ್ಲು’ ಎಂಬ ಮಾತು ಬಿದ್ದರೆ ಕಟ್ಟಡದ ವಿಚಾರ ಎಂದುಕೊಳ್ಳಬೇಡಿ. ಅದು ಸೇಂದಿ. ಮತ್ತೆ ಊಟಕ್ಕೆ ಕರೆದರೆ ಹೋಗಿ, ಆದರೆ ಸಾರಿನ ಹೊತ್ತಿಗೇ ‘ಚಾಲು’ ಅನ್ನಬೇಡಿ. ಮೊಸರನ್ನ ಮುಗಿಯುವ ತನಕ ತಡೆಯಿರಿ.