ಹಲವು ದೇಶಗಳ ಪತ್ರಕರ್ತರು, ಒಂದೇ ಮನೆತನದ ಯಜಮಾನಿಕೆ

ಓದುಗರ ಪತ್ರ: ಅಲ್ ಜಝೀರಾ ಸುದ್ದಿ ಚಾನೆಲ್ಲಿನಲ್ಲಿ ಎಷ್ಟೊಂದು ದೇಶಗಳವರು ಕೆಲಸ ಮಾಡುತ್ತಾರೆಂದು ಹೋದ ಸಂಚಿಕೆಯಲ್ಲಿ ಮೆಚ್ಚಿ ಬರೆದಿದ್ದೀರಿ. ದುಡ್ಡು ಕೊಡುವುದು ಕತಾರ್ ಸರ್ಕಾರ. ಹಾಗಿರುವಾಗ ಆ ವೈವಿಧ್ಯಕ್ಕೆ ಏನು ಬೆಲೆ? (ಓದುಗರು, ಮಂಗಳೂರು)

ಸಂಪಾದಕರ ಉತ್ತರ: ನಮಸ್ಕಾರ. ಬೆಲೆ ಇದೆ ಎಂದೇ ನನ್ನ ನಂಬಿಕೆ. 1996ರ ನವೆಂಬರಿನಲ್ಲಿ ಕತಾರಿನ ರಾಜಧಾನಿ ದೋಹಾದಿಂದ ಪ್ರಸಾರ ಶುರುವಾದಾಗ, ಅದೇ ವರ್ಷ ಮುಚ್ಚಿದ್ದ ಬಿಬಿಸಿಯ ಅರಬಿಕ್ ಟಿವಿಯಿಂದ ಅನೇಕ ಪತ್ರಕರ್ತರು ಬಂದು ಸೇರಿದರು. ಅರಬ್ ಜಗತ್ತಿನ ಬೇರೆ ಬೇರೆ ದೇಶಗಳವರು ಒಂದೇ ಸುದ್ದಿಮನೆಯಲ್ಲಿ ಕೂತರು. ದೊರೆಗಳ ಭೇಟಿ, ಸತ್ಕಾರಗಳನ್ನೇ ಸುದ್ದಿಯೆಂದು ನೋಡುತ್ತಿದ್ದ ಜನ ಆಳುವವರ ವಿರೋಧಿಗಳ ಮಾತನ್ನು ಟಿವಿಯಲ್ಲಿ ಕೇಳಿದರು. ಇಸ್ರೇಲಿನ ವಕ್ತಾರರೂ ಅಲ್ಲಿ ಮಾತಾಡಿದರು. ಇದರಿಂದ ಅರಬ್ ಸರ್ಕಾರಗಳಿಗೆ ಸಿಟ್ಟು ಬಂತು. 2001ರ ನಂತರ ಅಮೆರಿಕದಲ್ಲಿ ಕೆಲವರು ಇದನ್ನೇ ಭಯೋತ್ಪಾದಕರ ಚಾನೆಲ್ ಎಂದರು. ಎರಡು ಕಡೆಯವರೂ ಚಾನೆಲ್ಲಿನ ಒಳಗಿದ್ದ ಪತ್ರಕರ್ತರನ್ನು ಸರಿಯಾಗಿ ನೋಡಲಿಲ್ಲ.

ನಿಮ್ಮ ಅನುಮಾನಕ್ಕೂ ಆಧಾರವಿದೆ. ಪ್ಯಾಲೆಸ್ಟೀನಿನವರಾದ ವದ್ದಾಹ್ ಖನ್ಫರ್ 2011ರಲ್ಲಿ ಅಲ್ ಜಝೀರಾದ ಮಹಾನಿರ್ದೇಶಕ ಹುದ್ದೆ ಬಿಟ್ಟಾಗ ಆ ಜಾಗಕ್ಕೆ ಬಂದವರು ಕತಾರನ್ನು ಆಳುವ ಅಲ್ ಥಾನಿ ಮನೆತನದವರು. 2006ರಲ್ಲಿ ಇಂಗ್ಲಿಷ್ ಚಾನೆಲ್ ಆರಂಭವಾದಾಗ ದೋಹಾ, ಕೌಲಾಲಂಪುರ, ಲಂಡನ್, ವಾಷಿಂಗ್ಟನ್ ನಾಲ್ಕೂ ಕಡೆ ಪ್ರಸಾರ ಕೇಂದ್ರಗಳಿದ್ದವು. ಎರಡೇ ವರ್ಷದಲ್ಲಿ ವಾಷಿಂಗ್ಟನ್ನಿನ ನಿರೂಪಕ ಡೇವ್ ಮರಾಷ್ ರಾಜೀನಾಮೆ ಕೊಟ್ಟರು. ಸಂಪಾದಕೀಯ ಹಿಡಿತ ದೋಹಾಕ್ಕೆ ಜಾರುತ್ತಿದೆ, ಅಮೆರಿಕದ ಸುದ್ದಿಯಲ್ಲಿ ಪೂರ್ವಗ್ರಹ ಕಾಣುತ್ತಿದೆ ಎಂಬುದು ಅವರ ದೂರು. ನನ್ನನ್ನು ಹೆಚ್ಚು ಕಾಡುವುದು 2010ರ ಘಟನೆ: ಉಡುಪಿನ ವಿಷಯದಲ್ಲಿ ಮೇಲಿನವರ ಟೀಕೆ ತಾಳಲಾರದೆ ಅರಬಿಕ್ ಚಾನೆಲ್ಲಿನ ಐವರು ನಿರೂಪಕಿಯರು ಕೆಲಸ ಬಿಟ್ಟರು. ಹೆಣ್ಣುಮಕ್ಕಳನ್ನು ತೆರೆಯ ಮೇಲೆ ಕೂರಿಸಿ, ಅವರ ಮಾತಿಗೆ ಮಾತ್ರ ಕಿವಿಗೊಡದಿದ್ದರೆ ಆ ನೇಮಕಾತಿ ಅರ್ಧವೇ.

ಆದರೂ ಶಿರೀನ್ ಅಬು ಅಕ್ಲೆಯವರನ್ನು ನೆನೆಯಿರಿ. ಜೆರುಸಲೇಮಿನ ಈ ಪ್ಯಾಲೆಸ್ಟೀನಿ ಕ್ರೈಸ್ತ ಮಹಿಳೆ 1997ರಲ್ಲಿ ಚಾನೆಲ್ ಸೇರಿ, ಕಾಲು ಶತಮಾನ ತನ್ನ ಜನರ ಬದುಕನ್ನು ವರದಿ ಮಾಡಿ, 2022ರ ಮೇ 11ರಂದು ಪಶ್ಚಿಮ ದಂಡೆಯ ಜೆನಿನ್‌ನಲ್ಲಿ ಗುಂಡೇಟಿಗೆ ಬಲಿಯಾದರು. ಸಂಬಳ ಎಲ್ಲಿಂದ ಬಂತೆಂಬ ಒಂದೇ ಕಾರಣಕ್ಕೆ ಅವರ ವರದಿಗಳನ್ನು ಪಕ್ಕಕ್ಕಿಡಲು ನನಗೆ ಮನಸ್ಸಾಗುವುದಿಲ್ಲ. ಸ್ಥಳದಲ್ಲಿ ಹುಟ್ಟಿ ಬೆಳೆದವರಿಗೆ ತಿಳಿಯುವುದು ಹೋಟೆಲಿನಲ್ಲಿ ಇಳಿದುಕೊಂಡವರಿಗೆ ತಿಳಿಯದು.

ಕತಾರಿನ ಒಳಗಿನ ಸಂಗತಿ ಬಂದಾಗ, ವಿಶೇಷವಾಗಿ ನಮ್ಮ ಕರಾವಳಿಯವರೂ ದುಡಿಯುವ ಅಲ್ಲಿನ ಕೆಲಸದ ಸ್ಥಿತಿಗತಿಗಳ ಬಗ್ಗೆ, ಅದೊಂದೇ ಚಾನೆಲ್ಲನ್ನು ನೆಚ್ಚಬೇಡಿ. ಬೇರೆ ಪತ್ರಿಕೆಗಳನ್ನೂ ಓದಿ, ದೋಹಾದಲ್ಲಿ ನಿಮ್ಮ ಬಂಧುಗಳಿದ್ದರೆ ಅವರನ್ನೂ ಕೇಳಿ ನೋಡಿ.