ಆಟೋಸೆಕ್ಷುವಲ್ ಅಂದ್ರೆ ಏನು, ಅದು ಕಾಯಿಲೆಯಾ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 28, ಮನೆಯಲ್ಲಿ ಹುಡುಗಿ ನೋಡ್ತಿದ್ದಾರೆ, ಆದರೆ ಆಕರ್ಷಣೆ ಹುಟ್ಟುವುದು ನಿಮ್ಮ ಮೇಲೆ ನಿಮಗೇ. ಕಾಯಿಲೆಯಾ ಅಂತ ಭಯ.

ಕಾಯಿಲೆ ಅಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಇದು ಇಲ್ಲ. ಆಟೋಸೆಕ್ಷುವಲ್ ಅಂದ್ರೆ ಲೈಂಗಿಕ ಆಕರ್ಷಣೆ ಮುಖ್ಯವಾಗಿ ತನ್ನ ದೇಹ, ತನ್ನ ರೂಪದ ಕಡೆಗೇ ಇರುವವರು. ಈ ಪದವನ್ನು 1989ರಲ್ಲಿ ಬಳಕೆಗೆ ತಂದವರು ಅಮೆರಿಕದ ಲೈಂಗಿಕ ಚಿಕಿತ್ಸಕ ಬರ್ನಾರ್ಡ್ ಆಪ್ಫೆಲ್‌ಬಾಮ್. ಇದನ್ನು ಪ್ರತ್ಯೇಕ ಲೈಂಗಿಕ ಒಲವು ಅನ್ನಬೇಕೋ ಬೇಡವೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ, ಅದು ಬಿಡಿ.

ಹಸ್ತಮೈಥುನ ಮಾಡುವವರೆಲ್ಲ ಆಟೋಸೆಕ್ಷುವಲ್ ಅಲ್ಲ. ಅಲ್ಲಿ ಮನಸ್ಸಿನಲ್ಲಿ ಇನ್ಯಾರೋ ಇರಬಹುದು, ಇಲ್ಲಿ ಕನ್ನಡಿಯಲ್ಲಿರುವವರೇ ಸಾಕು.

ನಮ್ಮ ಕಾಸರಗೋಡಿನ ಕಡೆ ಇನ್ನೊಂದು ತೊಡಕು. ಕನ್ನಡದಲ್ಲಿ ಹುಡುಕಿದರೆ 'ಆತ್ಮರತಿ' ಸಿಗುತ್ತದೆ, ಆದರೆ ಆ ಪದವನ್ನು ನಾವು ಜಂಭದವರನ್ನು ಬೈಯಲು ಬಳಸುತ್ತೇವೆ, ಅಲ್ವಾ? ಇದು ಜಂಭ ಅಲ್ಲ. ಯಾರದೋ ಮದುವೆಗೆ ಹೊರಟು ಇಸ್ತ್ರಿ ಅಂಗಿ ಹಾಕಿ, ಬೀರುವಿನ ಕನ್ನಡಿ ಮುಂದೆ ಕೂದಲು ಬಾಚುವಾಗ ಇಂಥವನಿಗೆ ಮೈ ಜುಮ್ಮೆನ್ನಬಹುದು. ಅದೇ ಮನುಷ್ಯ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಸಾರು ಬಡಿಸಿಯೇ ಕೂರುವವನು.

ಕೆಲವರಿಗೆ ಸಂಗಾತಿಯ ಮೇಲೂ ಆಕರ್ಷಣೆ ಇರುತ್ತದೆ, ಕೆಲವರಿಗೆ ಸ್ವಲ್ಪವೂ ಇರುವುದಿಲ್ಲ. ನಿಮಗೆ ಯಾವುದು ಅಂತ ಸ್ಪಷ್ಟ ಆಗುವವರೆಗೆ ಮಾತ್ರ ಹುಡುಗಿಯ ಮನೆಗೆ ಸುಮ್ನೆ ಹೂಂ ಅನ್ನಬೇಡಿ. ಮಾತಾಡಬೇಕು ಅನಿಸಿದರೆ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ.